ಹೆಣದ ಒಂದೇ ಮಾತು

ಕನ್ನಡಕದಂಗಡಿಯವರಿಗೆ ಅಂದು ಬೆಳಿಗ್ಗೆ ಬಂದ ಹೊಟ್ಟೆನೋವಿಗೆ ಕಾರಣ ಹಿಂದಿನ ದಿನದ ಊಟವಲ್ಲ, ನೀರಲ್ಲ, ಯಾರ ಕೆಟ್ಟ ದೃಷ್ಟಿಯೂ ಅಲ್ಲ. ಒಂದೇ ಒಂದು ವಾಕ್ಯ. ಅದೇನು ಉದ್ದುದ್ದ ವಾಕ್ಯವೂ ಅಲ್ಲ. "ಸತ್ತವನು ನಾನಲ್ಲ, ನೀವು!" ಅಷ್ಟೇ. ಆ ಸಂಜೆ ತುಂಬಿದ ಸಭೆಯ ಮುಂದೆ ಅವರು ಅದನ್ನು ಹೇಳಬೇಕಿತ್ತು.

ಇದರಲ್ಲಿ ಹೊಟ್ಟೆ ಹಿಡಿದುಕೊಳ್ಳುವಂಥದ್ದೇನಿದೆ ಎಂದು ಕೇಳುವವರಿಗೆ ಅವರ ಹಿಂದಿನ ಸಾಧನೆ ಗೊತ್ತಿಲ್ಲ. ಬಡಾವಣೆಯ ನಾಟಕ ಸಂಘ ಹುಟ್ಟಿದಾಗಿನಿಂದ ಅವರು ಅದರಲ್ಲಿದ್ದಾರೆ. ಮೊದಲನೆಯ ನಾಟಕದಲ್ಲಿ ಮರ. ಆಮೇಲಿನದರಲ್ಲಿ ಈಟಿ ಹಿಡಿದ ಕಾವಲುಗಾರ. ಇನ್ನೊಂದರಲ್ಲಿ ಬಾಗಿಲ ಸಂದಿಯಿಂದ ಒಳಗೆ ಬಂದು ದೀಪ ಆರಿಸಿ ಹೋಗುವ ಒಂದು ಕೈ. ಕೈಯ ಹಿಂದಿದ್ದ ಮನುಷ್ಯ ಪರದೆಯ ಆಚೆಗೇ ಉಳಿದ. ಆದರೆ ಎಂಥ ಕೈ ಅದು! ನೋಡಿದವರು ಈಗಲೂ ನೆನೆಯುತ್ತಾರೆ. ಮರವಾಗಿದ್ದಾಗ ಒಂದು ನೊಣ ಅವರ ಮೂಗಿನ ಮೇಲೆ ಕೂತು, ಎದ್ದು, ಮತ್ತೆ ಕೂತು ಇಡೀ ದೃಶ್ಯ ಕಳೆದರೂ ಒಂದೆಲೆ ಅಲುಗಿರಲಿಲ್ಲ. ಇಂಥ ಶ್ರದ್ಧೆಯನ್ನು ಮೆಚ್ಚದವರು ಯಾರು? ಎಲ್ಲರೂ ಮೆಚ್ಚುತ್ತಿದ್ದರು. ಮೆಚ್ಚಿ ಮೆಚ್ಚಿ ಮುಂದಿನ ನಾಟಕದಲ್ಲೂ ಮಾತಿಲ್ಲದ ಪಾತ್ರವನ್ನೇ ಕೊಡುತ್ತಿದ್ದರು.

ಸಂಘದ ನಿರ್ದೇಶಕರು ವೃತ್ತಿಯಿಂದ ಹಲ್ಲಿನ ಡಾಕ್ಟರು. ಎದುರಿಗಿದ್ದವರು ಬಾಯಿ ತೆರೆದಿರಬೇಕು, ಮಾತು ಮಾತ್ರ ಆಡಬಾರದು ಎನ್ನುವ ಅಭ್ಯಾಸ ಅವರಿಗೆ ಕ್ಲಿನಿಕ್ಕಿನಿಂದಲೇ ಬಂದಿತ್ತು. ಅಂಥವರು ಈ ಸಲ ಕನ್ನಡಕದವರಿಗೆ ಆಡಲು ಒಂದು ಮಾತು ಕೊಟ್ಟಿದ್ದರು. ನಾಟಕ ಸರಳ. ಮನೆಯ ಯಜಮಾನ ಸತ್ತು ನಡುಮನೆಯ ಮಂಚದ ಮೇಲೆ ಮಲಗಿರುತ್ತಾನೆ. ಮನೆ ಯಾರಿಗೆ, ಬೀರು ಯಾರಿಗೆ, ಬೀಗದ ಕೈ ಗೊಂಚಲು ಯಾರ ಸೊಂಟಕ್ಕೆ ಎಂದು ಮಕ್ಕಳು ಸೊಸೆಯಂದಿರು ಹೆಣದ ಸುತ್ತಲೇ ಕಿತ್ತಾಡುತ್ತಾರೆ. ಕೊನೆಯ ಕ್ಷಣದಲ್ಲಿ ಹೆಣ ಧಡಕ್ಕನೆ ಎದ್ದು ಕೂತು, ಮಂಚದ ಕಾಲ ಬಳಿ ನಿಂತ ಮಕ್ಕಳ ಕಡೆ ಬೆರಳು ಮಾಡಿ ಆ ವಾಕ್ಯ ಹೇಳುತ್ತದೆ. ಪರದೆ ಬೀಳುತ್ತದೆ.

ಹಿಂದಿನ ಸಂಜೆ ಕೊನೆಯ ತಾಲೀಮು ಮುಗಿದ ಮೇಲೆ ನಿರ್ದೇಶಕರು ಒಂದು ಮಾತು ಸೇರಿಸಿದ್ದರು. "ನಾಳೆ ನಿಮಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೊದಲೇ ಹೇಳಿಬಿಡಿ. ಆ ಮಾತನ್ನ ಒಂಚೂರು ತಿದ್ದಿ ದೊಡ್ಡ ಮಗನ ಬಾಯಲ್ಲಿ ಹಾಕ್ತೀನಿ. ನೀವು ಸತ್ತೇ ಇರಿ, ತೊಂದರೆ ಇಲ್ಲ." ದೊಡ್ಡ ಮಗನ ಪಾತ್ರ ಮಾಡುತ್ತಿದ್ದವನು ಕನ್ನಡಕದಂಗಡಿಯ ಪಕ್ಕದ ಬೀದಿಯ ದರ್ಜಿ. ಅವನಿಗೆ ನಾಟಕದ ತುಂಬ ಮಾತು. ಇದ್ದವನಿಗೇ ಇನ್ನಷ್ಟು ಕೊಡುವುದು ಲೋಕರೂಢಿ. ಕನ್ನಡಕದವರ ಹೊಟ್ಟೆಯಲ್ಲಿ ಆಗಲೇ ಒಂದು ಸಣ್ಣ ಗಂಟು ಬಿದ್ದಿತ್ತು.

ಬೆಳಗಾಗುವಾಗ ಆ ಗಂಟನ್ನು ಯಾರೋ ಹಿಡಿದು ತಿರುಚತೊಡಗಿದರು. ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡುವುದು, ಒಂದಿಷ್ಟು ಬಿಡುವುದು, ಮತ್ತೆ ಹಿಂಡುವುದು. ಕನ್ನಡಕದವರು ಹಾಸಿಗೆಯ ಮೇಲೆ ಮಂಡಿಯನ್ನು ಗಲ್ಲಕ್ಕೆ ತಂದುಕೊಂಡು ಮುದುಡಿದರು.

"ಏನ್ರೀ ಇದು, ಹೆಣ ಹೀಗೆ ಮಲಗುತ್ತಾ?" ಎಂದಳು ಹೆಂಡತಿ. ಅವಳು ತಮಾಷೆಗೆ ಹೇಳಿದ್ದಲ್ಲ. ಎಷ್ಟೋ ದಿನಗಳಿಂದ ಅಡುಗೆಮನೆಯಲ್ಲಿ ನಿಂತು ಗಂಡನಿಂದ ಆ ವಾಕ್ಯ ಹೇಳಿಸಿ, "ಇನ್ನೂ ಎದೆಯಿಂದ ಬರಲಿ" ಎಂದು ತಿದ್ದಿದ ಗುರು ಅವಳು. ಅವಳ ಪ್ರಕಾರ ಆ ನಾಟಕದಲ್ಲಿ ಮಿಕ್ಕ ಮಾತುಗಳೆಲ್ಲ ಈ ಒಂದು ಮಾತು ಬರುವವರೆಗೆ ಹೊತ್ತು ಕಳೆಯಲಿಕ್ಕಿದ್ದವು.

"ಹೊಟ್ಟೆ ಕಣೇ. ಹಿಂಡ್ತಾ ಇದೆ. ಯಾರಿಗೂ ಹೇಳ್ಬೇಡ. ಡಾಕ್ಟ್ರ ಕಿವಿಗೆ ಬಿದ್ರೆ ಮಾತು ದರ್ಜಿ ಪಾಲಾಗುತ್ತೆ."

ಅವಳು ಬೀರುವಿನಿಂದ ಡಬ್ಬಿ ತೆಗೆದು ಬಿಳಿಯ ಮಾತ್ರೆಯೊಂದನ್ನು ಅಂಗೈಗೆ ಹಾಕಿದಳು. "ಸೆಳೆತ ಬಿಡಿಸೋ ಮಾತ್ರೆ. ನನ್ನ ತಿಂಗಳ ನೋವಿಗೆ ಅಂತ ಹಿಂದೆ ಕೊಟ್ಟಿದ್ರು."

"ಹೆಂಗಸರ ಮಾತ್ರೆ ನಾನು ನುಂಗೋದಾ?"

"ಸೆಳೆತಕ್ಕೆ ಹೆಂಗಸು ಗಂಡಸು ಅಂತ ಗೊತ್ತಾಗುತ್ತಾ? ನುಂಗಿ ಸುಮ್ನೆ."

ನುಂಗಿದರು. ಹೊಗಳಬೇಕಾದದ್ದನ್ನು ಹೊಗಳಲೇಬೇಕು. ಅವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಒಳಗೆ ಹಿಂಡುತ್ತಿದ್ದ ಕೈ ಸಡಿಲವಾಯಿತು. ಇಷ್ಟು ಚಿಕ್ಕ ಗುಂಡು ಗಂಟಲಲ್ಲಿಳಿದು, ದಾರಿ ಹುಡುಕಿಕೊಂಡು ಹೋಗಿ, ಹಟ ಹಿಡಿದ ಕರುಳಿನ ಬೆನ್ನು ಸವರಿ "ಬಿಡಪ್ಪಾ, ಸಾಕು" ಎಂದು ಒಪ್ಪಿಸುವುದು ಸಾಮಾನ್ಯ ಸಂಗತಿಯೇ? ನಮ್ಮಲ್ಲಿ ದೊಡ್ಡ ದೊಡ್ಡವರಿಂದ ಆಗದ ರಾಜಿ ಅದು.

ಅಷ್ಟರಲ್ಲಿ ಫೋನ್ ಬಂತು. ನಾಟಕದ ದಿನ ಬೆಳಗಾದ ಮೇಲೆ ಯಾರೂ ಯಾರನ್ನೂ ಅವರ ನಿಜದ ಗುರುತಿನಿಂದ ಕರೆಯಬಾರದು, ಪಾತ್ರದ ಗುರುತಿನಿಂದಲೇ ಕರೆಯಬೇಕು ಎನ್ನುವುದು ಸಂಘದ ಕಟ್ಟುನಿಟ್ಟು. ಪಾತ್ರ ಮೈಗೆ ಹತ್ತಲು ಅದೇ ದಾರಿ ಎಂದು ನಿರ್ದೇಶಕರ ನಂಬಿಕೆ. ಆದ್ದರಿಂದ ಅವರು ಕೇಳಿದ್ದು, "ಹೆಣ ಎದ್ದಿದೆಯಾ?" ಎಂದೇ.

"ಎದ್ದಿದೆ, ಸ್ನಾನಾನೂ ಆಯ್ತು. ಇಲ್ಲ ಇಲ್ಲ, ಹೆಣ ಚೆನ್ನಾಗೇ ಇದೆ. ಸಾಯಂಕಾಲ ತಗೊಂಡು ಹೋಗೋಕೆ ನೀವೇ ಗಾಡಿ ಕಳಿಸ್ತೀರಾ? ಆಗ್ಲಿ. ನಾನು ಆಮೇಲೆ ಅಲಂಕಾರ ಮಾಡ್ಕೊಂಡು ಬರ್ತೀನಿ" ಎಂದು ಹೆಂಡತಿ ಉತ್ತರಿಸುವಾಗ ಎದುರುಮನೆ ಅತ್ತೆ ಸೌಟು ವಾಪಸು ಕೊಡಲು ಬಾಗಿಲಲ್ಲಿ ನಿಂತಿದ್ದರು. ಸೌಟು ಅವರ ಕೈಯಿಂದ ಜಾರಿ ಠಣ್ಣೆಂದು ಬಿತ್ತು. ಅವರು ಗೋಡೆ ಹಿಡಿದುಕೊಂಡು "ಅಯ್ಯೋ, ಯಾವಾಗಮ್ಮಾ ಹೋದ್ರು?" ಎಂದು ಅಳಲು ಬಾಯಿ ತೆರೆಯುವುದಕ್ಕೂ ಕನ್ನಡಕದವರು ತಲೆ ಒರೆಸಿಕೊಳ್ಳುತ್ತ ಹೊರಗೆ ಬರುವುದಕ್ಕೂ ಸರಿಹೋಯಿತು. ಅತ್ತೆಗೆ ಎಲ್ಲವನ್ನೂ ವಿವರಿಸಿ, ನೀರು ಕುಡಿಸಿ ಕಳಿಸಬೇಕಾಯಿತು. ಅಳು ಬಂದು ಬರದಂತಾದ ಅಸಮಾಧಾನದಲ್ಲೇ ಅವರು ಹೊರಟರು.

ಅಂಗಡಿ ತೆರೆದು ಗಾಜಿನ ಕಪಾಟು ಒರೆಸುವವರೆಗೆ ಎಲ್ಲ ನೆಟ್ಟಗಿತ್ತು. ಕನ್ನಡಿಯ ಮುಂದೆ ನಿಂತು ಬೆರಳು ಚಾಚಿ "ಸತ್ತವನು ನಾನಲ್ಲ" ಎಂದದ್ದೇ ತಡ, ಹೊಟ್ಟೆಯಲ್ಲಿದ್ದವನು ಎಚ್ಚರಗೊಂಡ. ಈ ಸಲ ಎರಡು ಕೈಯಲ್ಲಿ ಹಿಂಡಿದ. ಕನ್ನಡಕದವರು ಅರ್ಧ ಬಾಗಿಕೊಂಡೇ ಬೀದಿ ದಾಟಿ ಔಷಧಿ ಅಂಗಡಿಗೆ ಹೋದರು.

ಔಷಧಿ ಅಂಗಡಿಯ ಅಕ್ಕ ಬಡಾವಣೆಗೆಲ್ಲ ಅಕ್ಕ. ಪ್ರಶ್ನೆ ಕೇಳದೆ ಗಾಯಕ್ಕೆ ಒಂದು ಪಟ್ಟಿಯನ್ನೂ ಕೊಡುವವರಲ್ಲ. ಕನ್ನಡಕದವರು ಬಾಯಿ ತೆರೆಯಬೇಕು, ನೋಡಿದರೆ ಪಕ್ಕದಲ್ಲಿ ದರ್ಜಿ! ಗಂಟಲಿಗೆಂದು ಚಪ್ಪರಿಸುವ ಗುಳಿಗೆ ಕೊಳ್ಳುತ್ತ ನಿಂತಿದ್ದ. "ಏನಣ್ಣಾ... ಅಲ್ಲ, ಏನಪ್ಪಾ ಹೆಣ, ಇಲ್ಲಿ?" ಎಂದ, ನಿಯಮ ನೆನಪಿಸಿಕೊಂಡು.

ಕನ್ನಡಕದವರು ತಟ್ಟನೆ ಸೆಟೆದು ನಿಂತರು. "ನನಗಲ್ಲ. ನಮ್ಮ ಮನೆಯವಳಿಗೆ. ಹೊಟ್ಟೆ ಹಿಂಡುತ್ತಂತೆ, ಅಕ್ಕಾ."

"ಎಲ್ಲಿ ನೋವು? ಹೊಕ್ಕಳ ಸುತ್ತಾನಾ, ಬಲಗಡೆ ಕೆಳಗಾ?"

"ಇಲ್ಲಿ..." ಎಂದು ತಮ್ಮ ಹೊಟ್ಟೆಯನ್ನೇ ಒತ್ತಿ ಹುಳ್ಳಗೆ ನಕ್ಕರು. "ಅಂದ್ರೆ ಅವಳಿಗೆ ಇಲ್ಲಿ. ಸುತ್ತ."

"ಜ್ವರ? ವಾಂತಿ? ಭೇದಿ? ಇದ್ರೆ ಮಾತ್ರೆ ಅಲ್ಲ, ಡಾಕ್ಟ್ರ ಹತ್ರ ಹೋಗ್ಬೇಕು."

"ಏನೂ ಇಲ್ಲ. ಬರೀ ಹಿಂಡೋದು."

"ಕಣ್ಣಲ್ಲಿ ಒತ್ತಡ ಗಿತ್ತಡ? ಇದ್ರೆ ಈ ಮಾತ್ರೆ ಆಗಲ್ಲ."

"ಅದನ್ನ ನಾನೇ ಪರೀಕ್ಷೆ ಮಾಡಿಸಿದ್ದೀನಿ. ಇಲ್ಲ."

"ಬೇರೆ ಏನಾದ್ರೂ ಮಾತ್ರೆ ಈಗಾಗ್ಲೇ ತಗೊಂಡಿದಾರಾ?"

"ಅವಳೇನೂ ತಗೊಂಡಿಲ್ಲ" ಎಂದರು. ಇದು ನೂರಕ್ಕೆ ನೂರು ನಿಜ. ಇಡೀ ದಿನದಲ್ಲಿ ಅವರಾಡಿದ ಅತ್ಯಂತ ಪ್ರಾಮಾಣಿಕ ಮಾತು. ಅವರನ್ನು ಮುಳುಗಿಸಿದ್ದೂ ಅದೇ.

"ಬಸುರಿ ಏನೂ ಅಲ್ಲ ತಾನೆ?"

ಸರಿಯಾಗಿ ಆಗಲೇ ಒಳಗಿನವನು ಬಲವಾಗಿ ತಿರುಚಿದ. ಕನ್ನಡಕದವರ ಬಾಯಿಂದ "ಹೌ..." ಎಂದು ಹೊರಟದ್ದು "ಹೌದಪ್ಪಾ, ಅಮ್ಮಾ!" ಎಂದು ಮುಗಿಯಿತು. ತಲೆಯೂ ಎರಡು ಸಲ ಮೇಲೆ ಕೆಳಗೆ ಆಡಿತು.

"ಹಾಗಾದ್ರೆ ಕೊಡಲ್ಲ. ಡಾಕ್ಟ್ರನ್ನ ಕೇಳದೆ ಬಸುರಿಗೆ ಏನೂ ಕೊಡೋ ಹಾಗಿಲ್ಲ."

"ಇಲ್ಲ ಇಲ್ಲ ಅಕ್ಕಾ! ಬಸುರಿ ಅಲ್ಲ! ದೇವರಾಣೆ ಅಲ್ಲ! ಈ ವಯಸ್ಸಲ್ಲಿ ಎಲ್ಲಿಂದ ತರೋದು?" ಎಂದು ಅವರು ಬೆವರೊರೆಸಿಕೊಂಡರು. ಅಕ್ಕ ತಮ್ಮ ಕನ್ನಡಕದ ಮೇಲಿನಿಂದ ಒಂದು ಸಲ ದಿಟ್ಟಿಸಿ ಹಳದಿ ಬಣ್ಣದ ಮಾತ್ರೆ ಕೊಟ್ಟರು. "ಒಂದೇ ಕೊಡಿ. ಬಾಯಿ ಒಣಗುತ್ತೆ, ಕಣ್ಣು ಸ್ವಲ್ಪ ಮಂಜಾಗಬಹುದು, ನೀರು ಚೆನ್ನಾಗಿ ಕುಡೀಲಿ. ನೋವು ಮತ್ತೆ ಬಂದ್ರೆ ಡಾಕ್ಟ್ರಿಗೆ ತೋರಿಸಿ." ಕನ್ನಡಕದವರು ತಲೆಯಾಡಿಸಿ ಓಡಿದರು. ದರ್ಜಿ ಮಾತ್ರ ಗುಳಿಗೆ ಚಪ್ಪರಿಸುವುದನ್ನು ಮರೆತು, ಮುಖ ಅರಳಿಸಿಕೊಂಡು ಅವರು ಹೋದ ದಾರಿಯನ್ನೇ ನೋಡುತ್ತಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು ಅವನು. ಮನಸ್ಸು ಮಾತ್ರ ಚೊಕ್ಕ ಬಂಗಾರ.

ಹಳದಿ ಮಾತ್ರೆಯೂ ತನ್ನ ಕೆಲಸವನ್ನು ಸೊಗಸಾಗಿ ಮಾಡಿತು. ಹೊಟ್ಟೆ ನಿದ್ದೆ ಹೋಯಿತು. ಮಧ್ಯಾಹ್ನ ಒಬ್ಬ ನಿವೃತ್ತ ಮೇಷ್ಟ್ರು ಕಣ್ಣು ಪರೀಕ್ಷೆಗೆ ಬಂದರು. ಕನ್ನಡಕದವರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆಯ ಪಟ ತೋರಿಸಿದರು.

"ಮೂರನೇ ಸಾಲು ಓದಿ, ಮೇಷ್ಟ್ರೇ."

"ಕ, ಮ, ರ, ಡ."

"ತಪ್ಪು" ಎಂದರು ಕನ್ನಡಕದವರು. ಗಾಜು ಬದಲಾಯಿಸಿದರು. "ಈಗ?"

"ಈಗಲೂ ಕ, ಮ, ರ, ಡ."

ಇನ್ನೊಂದು ಗಾಜು. ಇನ್ನೂ ದಪ್ಪದ್ದು. ಮೇಷ್ಟ್ರಿಗೆ ಸಿಟ್ಟು ಬಂತು. "ಮಕ್ಕಳಿಗೆ ಅಕ್ಷರ ಕಲಿಸೇ ಕೂದಲು ಬೆಳ್ಳಗಾಗಿದೆ ನನಗೆ. ಅದು 'ಕ' ಅಲ್ಲದಿದ್ರೆ ಇನ್ನೇನು, ನೀವೇ ಹೇಳಿ ನೋಡೋಣ."

ಕನ್ನಡಕದವರು ಪಟದ ಬಳಿಗೆ ಹೋದರು. ಅಕ್ಷರಗಳೆಲ್ಲ ಹತ್ತಿಯ ಉಂಡೆಗಳಂತೆ ಕಂಡವು. ಮೂಗು ತಾಗುವಷ್ಟು ಹತ್ತಿರ ಹೋಗಿ, "ಇದು ಅಕ್ಷರಾನೇ ಅಲ್ಲ. ನೊಣ ಕೂತಿದೆ" ಎಂದು ಕೈಬೀಸಿ ಓಡಿಸಲು ನೋಡಿದರು. 'ಕ' ಹಾರಲಿಲ್ಲ. ಮೇಷ್ಟ್ರು ತಮ್ಮ ಹಳೆಯ ಕನ್ನಡಕವನ್ನು ಜೇಬಿಗೆ ಹಾಕಿಕೊಂಡು, ಇದ್ದದ್ದೇ ವಾಸಿ ಎಂದು ಎದ್ದು ಹೋದರು.

ಅಕ್ಕ ಹೇಳಿದ್ದು ಆಗ ನೆನಪಾಯಿತು. ಮಂಜು ಕಣ್ಣಿಗೆ ತೊಂದರೆಯಿಲ್ಲ, ಹೆಣಕ್ಕೆ ಕಣ್ಣು ಮುಚ್ಚಿಕೊಂಡಿರುವುದೇ ಕೆಲಸ. ನೀರು ಕುಡಿಯುವುದೇ ಕಷ್ಟ. ಹೆಣ ಮಧ್ಯಾಹ್ನದಿಂದಾಚೆ ತೊಟ್ಟು ನೀರು ಮುಟ್ಟಕೂಡದು ಎಂದು ನಿರ್ದೇಶಕರ ಆಜ್ಞೆಯಾಗಿತ್ತು. ನಾಟಕದುದ್ದಕ್ಕೂ ಮಂಚ ಬಿಟ್ಟೇಳುವಂತಿಲ್ಲ. ನಡುವೆ ಹೆಣ ಎದ್ದು ಶೌಚಕ್ಕೆ ಹೋಗಿಬಂದರೆ ಕತೆಯ ಗತಿ ಏನು? ನಿರ್ದೇಶಕರು ಹೇಳಿದ್ದನ್ನು ಇವರು ಎಂದೂ ಮೀರಿದವರಲ್ಲ. ಅಂಗಡಿಯ ಹೂಜಿಯನ್ನು ಒಮ್ಮೆ ನೋಡಿ ಮುಖ ತಿರುಗಿಸಿದರು. ಎಷ್ಟು ಜನ ಕಲಾವಿದರಿಗೆ ಇಂಥ ನಿಷ್ಠೆ ಇದೆ, ಹೇಳಿ.

ಸಂಜೆ ಬಣ್ಣದ ಕೋಣೆಗೆ ಕಾಲಿಟ್ಟದ್ದೇ ತಡ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್ನೂ ನಾಟಕವೇ ಆಗಿಲ್ಲ, ಯಾಕೆ ಎಂದು ಅವರು ಕಣ್ಣು ಬಿಡುವಷ್ಟರಲ್ಲಿ ದರ್ಜಿ ಬಂದು ಗಟ್ಟಿಯಾಗಿ ಅಪ್ಪಿಕೊಂಡ. "ಮುಚ್ಚಿಟ್ರೆ ನಮಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಎದುರುಮನೆ ಅತ್ತೆಗೆ ಹೇಳಿದೆ, ಅವರಿಗೂ ಬೆಳಿಗ್ಗೆಯಿಂದ ಅನುಮಾನ ಇತ್ತಂತೆ. ತೊಟ್ಟಿಲ ಹಾಸಿಗೆ ನನ್ನ ಕಡೆಯಿಂದ!"

ಸೊಸೆಯ ಪಾತ್ರದ ಹೆಂಗಸು ಕೇಳಿದಳು, "ಎಷ್ಟು ತಿಂಗಳು?"

ಕನ್ನಡಕದವರು ನೆಲ ಬಾಯಿಬಿಟ್ಟರೆ ಇಳಿದುಬಿಡುವವರಂತೆ ನಿಂತರು. ಇಲ್ಲ ಎನ್ನಬೇಕೆಂದರೆ ಮಾತ್ರೆ ಯಾರಿಗೆ ಎನ್ನುವ ಪ್ರಶ್ನೆ ಬರುತ್ತದೆ. ಹೌದೆನ್ನಬೇಕೆಂದರೆ ಹೆಂಡತಿ ಇನ್ನೇನು ಬಂದುಬಿಡುತ್ತಾಳೆ. ನಾಚಿಕೆ, ಭಯ, ಎದುರಿಗೇ ಬಂದು ನಿಂತ ವಾಕ್ಯ, ಎಲ್ಲವೂ ಸೇರಿ ಹೊಟ್ಟೆಯನ್ನು ಒಟ್ಟಿಗೇ ಹಿಡಿದವು. ಅವರು ಮೂಲೆಗೆ ಹೋಗಿ, ಮಕ್ಕಳು ಸೊಸೆಯಂದಿರ ಕೋಟು ಸೀರೆಗಳ ಹಿಂದೆ ಕುಕ್ಕರಿಸಿದರು.

ಕೋಟು ತೆಗೆದುಕೊಳ್ಳಲು ಬಂದ ದರ್ಜಿಯ ಕಣ್ಣಿಗೆ ಬಿದ್ದರು. ಅವನು ನೋಡಿದ, ಅರ್ಥ ಮಾಡಿಕೊಂಡ. "ಹಂಗಾದ್ರೆ ನೋವು ನಿಮಗೇ. ಅತ್ತಿಗೆಗಲ್ಲ."

"ಕೈಮುಗೀತೀನಿ ಕಣಪ್ಪಾ, ಡಾಕ್ಟ್ರಿಗೆ ಹೇಳ್ಬೇಡ. ಇದೊಂದು ಮಾತು ಹೇಳಿಬಿಟ್ರೆ ಸಾಕು ನನಗೆ. ಮರ ಆಗಿ, ಕೈ ಆಗಿ ಸಾಕಾಗಿದೆ. ಒಂದು ಸಲ ಜನ ನನ್ನ ಧ್ವನಿ ಕೇಳ್ಲಿ."

ದರ್ಜಿ ಒಂದು ಮಾತಾಡಿದ್ದರೆ ನಾಟಕದ ಕೊನೆಯ ವಾಕ್ಯ, ಕೊನೆಯ ಚಪ್ಪಾಳೆ ಅವನದಾಗುತ್ತಿತ್ತು. ಬಾಗಿಲಾಚೆಯೇ ನಿರ್ದೇಶಕರು ಓಡಾಡುತ್ತಿದ್ದರು. ಅವನು ಸದ್ದಿಲ್ಲದೆ ಅಂಗಿಯ ಜೇಬಿಗೆ ಕೈಹಾಕಿ ಗುಲಾಬಿ ಬಣ್ಣದ ಮಾತ್ರೆಯೊಂದನ್ನು ತೆಗೆದ. "ನನಗೂ ಆಗಾಗ ಹಿಡ್ಕೊಳ್ಳುತ್ತೆ, ಅದಕ್ಕೇ ಯಾವಾಗ್ಲೂ ಇಟ್ಕೊಂಡಿರ್ತೀನಿ. ನುಂಗಿ ಮಲಗಿ. ನಿಮ್ಮ ಮಾತು ನೀವೇ ಹೇಳ್ಬೇಕು." ಪೈಪೋಟಿಯವನ ಹೊಟ್ಟೆ ತಣ್ಣಗಿರಲಿ ಎಂದು ಬಯಸುವವರು ನಟರಲ್ಲಿ ಎಷ್ಟು ಮಂದಿ? ಕನ್ನಡಕದವರ ಕಣ್ಣು ತುಂಬಿಬರಬೇಕಿತ್ತು. ಯಾಕೋ ತುಂಬಲಿಲ್ಲ.

ಬಿಳಿಯದು ಬೇರೆ, ಹಳದಿಯದು ಬೇರೆ, ಗುಲಾಬಿಯದು ಬೇರೆ ಎಂದು ಲೆಕ್ಕ ಹಾಕಿ, ನೀರಿಲ್ಲದೆಯೇ ಅದನ್ನೂ ನುಂಗಿದರು.

ಪರದೆ ಮೇಲೆದ್ದಿತು. ಆ ಹೆಣವನ್ನು ನೋಡಿಯೇ ನಂಬಬೇಕು. ಮುಖದ ಮೇಲೆ ಎಂಥ ಶಾಂತಿ! ಮೂರು ಮಾತ್ರೆ ಸೇರಿ ಹೊಟ್ಟೆಯನ್ನು ತೊಟ್ಟಿಲ ಕೂಸಿನಂತೆ ಮಲಗಿಸಿದ್ದವು. ಮಕ್ಕಳು ಮಂಚಕ್ಕೆ ಒದ್ದರು, ಬೀಗದ ಕೈ ಗೊಂಚಲು ಎದೆಯ ಮೇಲೆ ಬಿತ್ತು, ಒಬ್ಬ ಸೊಸೆ ಕಾಲ ಮೇಲೇ ಕೂತಳು. ರೆಪ್ಪೆ ಅದುರಲಿಲ್ಲ. ನಡುವೆ ಇನ್ನೊಬ್ಬ ಸೊಸೆ ಅಳುವ ನೆಪದಲ್ಲಿ ಬಾಗಿ ಅವರ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಅದು ನಾಟಕದಲ್ಲಿ ಇರಲಿಲ್ಲ, ಅವಳಿಗೆ ನಿಜವಾಗಿಯೇ ಭಯವಾಗಿತ್ತು.

ಒಳಗೆ ಮಾತ್ರ ಹೆಣ ಎಚ್ಚರವಾಗಿತ್ತು. ವಾಕ್ಯವನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಳ್ಳೋಣವೆಂದು ನಾಲಿಗೆಯನ್ನು ಕದಲಿಸಲು ನೋಡಿತು. ನಾಲಿಗೆ ಕದಲಲಿಲ್ಲ. ಅಂಗುಳಕ್ಕೆ ಅಂಟಿಸಿದ ರಟ್ಟಿನ ಚೂರಿನಂತೆ ಮೇಲೆ ಹತ್ತಿಕೊಂಡಿತ್ತು. ಕನ್ನಡಕದವರು ನಿಂಬೆಹಣ್ಣನ್ನು ನೆನೆದರು. ಹುಳಿ ದ್ರಾಕ್ಷಿಯನ್ನು ನೆನೆದರು. ಬೇರೆ ದಿನಗಳಲ್ಲಿ ಹೆಸರೆತ್ತಿದರೆ ಬಾಯಲ್ಲಿ ನೀರೂರಿಸುವ ಎಲ್ಲವನ್ನೂ ಒಂದೊಂದಾಗಿ ಕರೆದರು. ಒಂದು ಹನಿ ಬರಲಿಲ್ಲ. ಮಂಚದ ಪಕ್ಕದಲ್ಲೇ ನಾಟಕದ ನೀರಿನ ಚೊಂಬಿತ್ತು. ಸಣ್ಣ ಮಗ ಅದರಿಂದ ಗಟಗಟ ಕುಡಿದು ಆಸ್ತಿಯ ಮಾತು ಮುಂದುವರಿಸುವುದನ್ನು ಹೆಣ ಕೇಳಿಸಿಕೊಂಡಿತು. ಸತ್ತವರಿಗೆ ಇಂಥ ಸಂಕಟ ಇರಲಿಕ್ಕಿಲ್ಲ.

ಆ ಗಳಿಗೆ ಬಂತು. ದೀಪಗಳು ಕೆಂಪಾದವು. ನಗಾರಿ ಬಡಿಯಿತು. ಹೆಣ ಧಡಕ್ಕನೆ ಎದ್ದು ಕೂತಿತು. ಸಭೆ "ಹಾ!" ಎಂದಿತು. ಮುಂದಿನ ಸಾಲಿನಲ್ಲಿ ಹೆಂಡತಿ ಕುರ್ಚಿಯ ತುದಿಗೆ ಬಂದಳು. ಅವಳ ತುಟಿಗಳು ಆಗಲೇ ಆ ವಾಕ್ಯ ಆಡುತ್ತಿದ್ದವು.

ಕನ್ನಡಕದವರು ಬಾಯಿ ತೆರೆದರು. ಏನೂ ಬರಲಿಲ್ಲ. ಮುಚ್ಚಿ ಮತ್ತೆ ತೆರೆದರು. ಗಂಟಲಿಂದ ಒಣಗಾಳಿ ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಾತಿಲ್ಲದಿದ್ದರೆ ಬೆರಳಾದರೂ ಇರಲಿ ಎಂದು ಕೈ ಚಾಚಿದರು. ಮಂಚದ ಕಾಲ ಬಳಿಯ ಮಕ್ಕಳೆಲ್ಲಿ? ಮಂಜುಗಣ್ಣಿಗೆ ಎಲ್ಲವೂ ಹೊಗೆ. ಆ ಹೊಗೆಯಲ್ಲಿ ಸಾಲಾಗಿ ಕಂಡ ತಲೆಗಳನ್ನೇ ಮಕ್ಕಳೆಂದುಕೊಂಡು ಅತ್ತ ಬೆರಳು ನೆಟ್ಟರು. ಅದು ಪ್ರೇಕ್ಷಕರ ಮೊದಲ ಸಾಲು.

ಬೆರಳು ಆ ಕೊನೆಯಿಂದ ಈ ಕೊನೆಯವರೆಗೆ ಚಲಿಸಿತು. ತೆರೆದ ಬಾಯಿ ತೆರೆದೇ ಇತ್ತು. ಬೆರಳಿನ ನೇರಕ್ಕೆ ಸಿಕ್ಕ ದಪ್ಪ ಮನುಷ್ಯನೊಬ್ಬ ತಲೆ ತಗ್ಗಿಸಿದ. ಎದುರುಮನೆ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಬೆಳಿಗ್ಗೆ ತಪ್ಪಿಹೋದ ಅಳುವನ್ನು ಈಗ ಅತ್ತರು. ಪರದೆ ಬಿತ್ತು. ಆಮೇಲೆ ಚಪ್ಪಾಳೆ ಹೇಗೆ ಬಂತೆಂದರೆ ಸಭಾಂಗಣದ ಕಿಟಕಿಗಳು ಗಡಗಡ ಎಂದವು.

ಪರದೆಯ ಹಿಂದೆ ಕನ್ನಡಕದವರು ಮಂಚದ ಮೇಲೇ ಕೂತು ಮುಖ ಮುಚ್ಚಿಕೊಂಡಿದ್ದರು. ಎಲ್ಲ ಮುಗಿಯಿತು. ಅಳೋಣವೆಂದರೆ ಕಣ್ಣಲ್ಲೂ ನೀರಿಲ್ಲ. ಅಷ್ಟರಲ್ಲಿ ನಿರ್ದೇಶಕರು ಒಬ್ಬ ಜುಬ್ಬಾದವರನ್ನು ಕೈಹಿಡಿದು ಕರೆತಂದರು. ಪತ್ರಿಕೆಗೆ ನಾಟಕ ವಿಮರ್ಶೆ ಬರೆಯುವವರು. ಹೊಗಳಿದ ದಾಖಲೆಯೇ ಇಲ್ಲದ ಮನುಷ್ಯ.

"ಇವರೇನಾ?" ಎಂದು ವಿಮರ್ಶಕರು ಎರಡು ಕೈಯಲ್ಲೂ ಹೆಣದ ಕೈ ಹಿಡಿದರು. "ಆ ಜಾಗದಲ್ಲಿ ಬೇರೆ ಯಾರೇ ಆಗಿದ್ರೂ ಒಂದು ಡೈಲಾಗ್ ಹೊಡೆದು ಹಾಳು ಮಾಡಿರೋರು. ನೀವು ಬಾಯಿ ತೆರೆದು, ಆಡದೇ, ನಮ್ಮ ಕಡೆ ಬೆರಳು ತೋರಿಸಿದ್ರಿ. ಸತ್ತಿರೋದು ಇವನಲ್ಲ, ನಾನು ಅಂತ ನನ್ನ ಎದೆಗೇ ತಟ್ಟಿತು. ಮಾತು ಬೆಳ್ಳಿ, ಮೌನ ಬಂಗಾರ ಅಂತ ಓದಿದ್ದೆ. ಇವತ್ತು ನೋಡಿದೆ."

ಕನ್ನಡಕದವರಿಗೆ ಬೇಕಾಗಿದ್ದದ್ದು ಬೆಳ್ಳಿಯೇ. ಅದನ್ನು ಹೇಳಲಿಕ್ಕೂ ಬಾಯಿ ಬರಲಿಲ್ಲ.

"ಮೊದಲು ಅಲ್ಲೊಂದು ಮಾತಿತ್ತು" ಎಂದರು ನಿರ್ದೇಶಕರು, ಕಣ್ಣು ಮಿಟುಕಿಸದೆ. "ನಾನೇ ಕೊನೇ ಗಳಿಗೇಲಿ ತೆಗೆದುಹಾಕಿದೆ."

ವಿಮರ್ಶಕರು ಅದನ್ನೂ ಬರೆದುಕೊಳ್ಳುತ್ತ ವೇದಿಕೆಯ ಆಚೆ ತುದಿಗೆ ಹೋದರು. ಅಷ್ಟು ಹೊತ್ತಿಗೆ ಹೆಂಡತಿ ಔಷಧಿ ಅಂಗಡಿಯ ಅಕ್ಕನನ್ನು ಎಳೆದುಕೊಂಡೇ ಒಳಗೆ ನುಗ್ಗಿದಳು. ಗಂಡನ ಬಾಯಿಂದ ಆ ಮಾತು ಬರಲಿಲ್ಲವೆಂದರೆ ಏನೋ ಅನಾಹುತವಾಗಿದೆ ಎಂದು ಇಡೀ ಸಭೆಯಲ್ಲಿ ತಿಳಿದಿದ್ದವಳು ಅವಳೊಬ್ಬಳೇ. ಅಕ್ಕ ನಾಡಿ ನೋಡಿದರು, ನಾಲಿಗೆ ನೋಡಿದರು, ಕಣ್ಣು ಅಗಲಿಸಿ ನೋಡಿದರು. "ಎಷ್ಟು ನುಂಗಿದ್ದೀರಿ?" ಕನ್ನಡಕದವರು ಮೂರು ಬೆರಳೆತ್ತಿದರು. ಹೆಂಡತಿ ಬಿಳಿಯದನ್ನು ಒಪ್ಪಿಕೊಂಡಳು, ದರ್ಜಿ ಗುಲಾಬಿಯನ್ನು ಒಪ್ಪಿಕೊಂಡ.

"ಮೂರೂ ಒಂದೇ ಮಾತ್ರೆ ಕಣ್ರೀ! ಬಣ್ಣ ಬೇರೆ ಅಷ್ಟೇ!" ಎಂದು ಅಕ್ಕ ತಲೆ ಚಚ್ಚಿಕೊಂಡರು. "ಹಿಂಡಿದಾಗ ಬಿಡಿಸೋಕೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ಹಾಗಂತ ಒಬ್ಬೊಬ್ಬರು ಒಂದೊಂದು ಕೊಟ್ರೆ? ಬಾಯಲ್ಲಿ ನೀರು ಎಲ್ಲಿಂದ ಬರಬೇಕು? ಈಗ್ಲೇ ನಡೀರಿ, ಆಸ್ಪತ್ರೆ ಡಾಕ್ಟ್ರು ಒಂದು ಸಲ ನೋಡ್ಲಿ. ಇನ್ನು ಇವತ್ತು ಏನೂ ನುಂಗೋ ಹಾಗಿಲ್ಲ. ಮೊದಲು ನೀರು ತನ್ನಿ, ನಿಧಾನಕ್ಕೆ ಕುಡೀಲಿ."

ನೀರು ತರಲು ಹೆಂಡತಿ ಓಡಿದಳು. ಆ ನಡುವಿನಲ್ಲೇ ನಿರ್ದೇಶಕರು ಎಲ್ಲರನ್ನೂ ಸುಮ್ಮನಿರಿಸಿ, ವಿಮರ್ಶಕರಿಗೆ ಕೇಳುವಂತೆ ಗಂಟಲು ಸರಿಪಡಿಸಿಕೊಂಡರು. "ಸಂಘದ ಮುಂದಿನ ನಾಟಕಕ್ಕೆ ನಾಯಕ ಯಾರು ಅಂತ ಇವತ್ತೇ ತೀರ್ಮಾನ ಮಾಡಿದ್ದೀನಿ. ಇವರೇ!"

ಕನ್ನಡಕದವರು ಮಂಚದಿಂದ ಇಳಿದು ನಿಂತೇಬಿಟ್ಟರು. ನಾಯಕ! ಮರವಾಗಿದ್ದವರು, ಕೈಯಾಗಿದ್ದವರು, ನಾಯಕ! ಒಂದು ವಾಕ್ಯ ಹೋದರೆ ಹೋಗಲಿ, ಪುಟಗಟ್ಟಲೆ ಬರುತ್ತವೆ. ದರ್ಜಿ ಮತ್ತೆ ಅಪ್ಪಿಕೊಂಡ. ಸೊಸೆಯಂದಿರು ಚಪ್ಪಾಳೆ ತಟ್ಟಿದರು.

"ಮೊದಲ ದೃಶ್ಯದಿಂದ ಕೊನೇವರೆಗೂ ವೇದಿಕೆ ಮೇಲೆ ಇವರೇ" ಎಂದು ನಿರ್ದೇಶಕರು ಮುಂದುವರಿಸಿದರು. "ಜೀವನದಲ್ಲಿ ನೊಂದು, ಇನ್ನು ಮಾತೇ ಆಡಲ್ಲ ಅಂತ ಶಪಥ ಮಾಡಿದ ಮನುಷ್ಯ. ಸುತ್ತ ಇರೋರೆಲ್ಲ ಮಾತಾಡ್ತಾರೆ. ಇವರು ಪರದೆ ಬೀಳೋವರೆಗೂ ಒಂದಕ್ಷರ ಆಡಲ್ಲ!"

"ಅದ್ಭುತ!" ಎಂದರು ವಿಮರ್ಶಕರು.

ಕನ್ನಡಕದವರು ಬೇಡ, ಬೇಡ ಎಂದರು. ಅಂದರೆ ಎನ್ನಲು ಹೊರಟರು. ತುಟಿ ಅಲುಗಿತು, ಕೈ ಎರಡೂ ಮೇಲೆದ್ದವು, ಧ್ವನಿ ಹೊರಡಲಿಲ್ಲ. "ನೋಡಿ ನೋಡಿ, ಈಗಿನಿಂದಲೇ ಪಾತ್ರದೊಳಗೆ ಹೋಗಿಬಿಟ್ರು" ಎಂದು ಯಾರೋ ಪಿಸುಗುಟ್ಟಿದರು. ಅವರು ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿದರು. "ಎಂಥ ವಿನಯ!" ಎಂದು ವಿಮರ್ಶಕರಿಗೆ ಕಣ್ಣು ಒದ್ದೆಯಾಯಿತು.

ಹೆಂಡತಿ ತಂದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಅಂಟಿಕೊಂಡಿದ್ದ ನಾಲಿಗೆ ಮೆಲ್ಲಗೆ ಬಿಟ್ಟಿತು. ಕನ್ನಡಕದವರು ಕೆಮ್ಮಿದರು. ಅಷ್ಟರಲ್ಲಿ ಹೊರಬಾಗಿಲ ಕಡೆ ಹೊರಟಿದ್ದ ನಿರ್ದೇಶಕರ ಹಿಂದೆಯೇ ಹೋಗಿ, "ಡಾಕ್ಟ್ರೇ, ನನಗೆ ಮಾತು ಬೇಕು" ಎಂದರು. ಎದೆಯಿಂದಲೇ ಬಂದ ಧ್ವನಿ. ಗಟ್ಟಿಯಾದ, ತುಂಬು ಧ್ವನಿ. ಹೆಂಡತಿ ಅಡುಗೆಮನೆಯಲ್ಲಿ ತಿದ್ದಿ ತಿದ್ದಿ ಮಾಡಿದ ಧ್ವನಿ.

ನಿರ್ದೇಶಕರು ಗಾಬರಿಯಾಗಿ ಅವರ ಬಾಯಿಗೆ ಕೈ ಅಡ್ಡವಿಟ್ಟರು. "ಶ್! ಜುಬ್ಬಾದವರು ಇನ್ನೂ ಹೋಗಿಲ್ಲ. ಧ್ವನಿ ಇದೆ ಅಂತ ಅವರಿಗೆ ಗೊತ್ತಾದ್ರೆ ಏನು ಗತಿ?"

ಅಕ್ಕ, ಹೆಂಡತಿ, ದರ್ಜಿ ಮೂವರೂ ಸೇರಿ ಅವರನ್ನು ಆಸ್ಪತ್ರೆಯ ಕಡೆ ನಡೆಸಿಕೊಂಡು ಹೊರಟರು. ಬೀದಿಯುದ್ದಕ್ಕೂ ಜನ ಗುಂಪಾಗಿ ನಿಂತು ಕೈಮುಗಿಯುತ್ತಿದ್ದರು. ಕನ್ನಡಕದವರಿಗೆ ದುಃಖವೂ ಆಗುತ್ತಿತ್ತು, ಒಳಗೆಲ್ಲೋ ಹೆಮ್ಮೆಯೂ ಆಗುತ್ತಿತ್ತು. ಎದುರುಮನೆ ಅತ್ತೆ ಮುಂದೆ ಬಂದು ಅವರ ಗಲ್ಲ ಸವರಿ ನೆಟಿಕೆ ಮುರಿದರು. "ಎಷ್ಟು ಚೆನ್ನಾಗಿ ಮಾಡಿದ್ರಿ, ಅಪ್ಪಾ!"

"ಅತ್ತೇ, ನಿಜ ಹೇಳ್ಬೇಕು ಅಂದ್ರೆ..." ಎಂದು ಅವರು ಶುರುಮಾಡಿದರು.

ಅತ್ತೆ ಬೆರಳನ್ನು ತುಟಿಯ ಮೇಲಿಟ್ಟರು. "ಬೇಡಪ್ಪಾ, ಮಾತಾಡ್ಬೇಡಿ. ನೀವು ಹಾಗೇ ಚೆಂದ."

ಸುತ್ತಲಿದ್ದವರೆಲ್ಲ ಹೌದು ಹೌದು ಎಂದು ತಲೆದೂಗಿದರು. ಕನ್ನಡಕದವರು ಬಾಯಿ ಮುಚ್ಚಿ ಕೈಮುಗಿದರು. ಜನ ಮತ್ತೆ ಚಪ್ಪಾಳೆ ತಟ್ಟಿದರು.